ಮಿಸ್ಸಿಂಗ್ ಹೊಡೆಯುವ ಟ್ರಕ್ಕು ಮತ್ತು ಕುಂಬಾರನ ಕತ್ತೆ

ಎಂಜಿನ್ನಿನ ಒಂದು ಸಿಲಿಂಡರಿನಲ್ಲಿ ಹೊತ್ತಬೇಕಾದ ಕ್ಷಣಕ್ಕೆ ಬೆಂಕಿ ಹೊತ್ತದೆ ಹೋಗುವುದೇ ಮಿಸ್‌ಫೈರ್. ಕನ್ನಡನಾಡಿನ ಗ್ಯಾರೇಜುಗಳಲ್ಲಿ ಇದಕ್ಕೆ ‘ಮಿಸ್ಸಿಂಗ್’ ಎನ್ನುತ್ತಾರೆ. ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ ಎಂದರೆ ಸಾಕು, ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ಕಿವಿಗೊಡುತ್ತಾನೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರೂ ಒಂದು ಸಲ ಉರಿಯಬೇಕು. ಎಂಟು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 40 ಸಲ ಬೆಂಕಿ ಹೊತ್ತಬೇಕಾಗುತ್ತದೆ. ಒಂದು ಸಿಲಿಂಡರ್ ಸತ್ತರೆ ಆ ನಲವತ್ತರಲ್ಲಿ ಐದು ಬಿಟ್ಟುಹೋಗುತ್ತವೆ. ಸ್ಟೀರಿಂಗ್ ಹಿಡಿದ ಕೈಗೆ ಬರುವ ನಡುಕ, ಸೈಲೆನ್ಸರಿನಿಂದ ಬರುವ ಕುಂಟು ಸದ್ದು, ಎರಡೂ ಆ ಐದು ‘ಇಲ್ಲ’ಗಳದೇ.

ಟ್ರಕ್ಕನ್ನು ಮನೆಯಂಗಳದಲ್ಲಿ ತಾನೇ ರಿಪೇರಿ ಮಾಡಿದವನಿಗೆ ಈ ನಡುಕ ಎದುರಾದಾಗ, ಪ್ರಶ್ನೆ ಯಂತ್ರದ ಗಡಿ ದಾಟುತ್ತದೆ. ಬೆಳಿಗ್ಗೆ ಗಾಡಿ ಸರಿಯಿತ್ತು, ಮಧ್ಯಾಹ್ನ ಕೈ ಹಾಕಿದ್ದಾಯಿತು, ಸಂಜೆ ಕೆಟ್ಟಿದೆ. ಕೈ ಹಾಕಿದ ಮೇಲೆ ಕೆಟ್ಟಿತೋ, ಕೈ ಹಾಕಿದ್ದರಿಂದಲೇ ಕೆಟ್ಟಿತೋ? ಕಾಗೆ ಕೂತಿತು, ತಾಳೆಯ ಹಣ್ಣು ಬಿತ್ತು ಎಂಬ ಕಾಕತಾಲೀಯ ನ್ಯಾಯ ಮೊದಲ ಮಾತಿಗೆ ಸಲ್ಲುತ್ತದೆ, ಎರಡನೆಯದಕ್ಕೆ ಸಲ್ಲುವುದಿಲ್ಲ. ‘ಮೇಲೆ’ಗೂ ‘ಇಂದ’ಕ್ಕೂ ನಡುವಿನ ಈ ಅಂತರವನ್ನು ಅಳೆಯುವ ಕೆಲಸದಲ್ಲಿ ಭಾರತದ ನೈಯಾಯಿಕರು, ಮೀಮಾಂಸಕರು, ವೇದಾಂತಿಗಳು ಶತಮಾನಗಟ್ಟಲೆ ವಾದಿಸಿದ್ದಾರೆ. ಅವರ ಉದಾಹರಣೆಗಳಲ್ಲಿ ಹಲವು ಒಲೆ, ಹೊಗೆ, ಗಡಿಗೆ, ಹಗ್ಗ. ಕೈಕೆಲಸದ ಉದಾಹರಣೆಗಳನ್ನು ಹಿಡಿದು ಬೆಳೆದ ಆ ವಿಚಾರವನ್ನು ಎಂಜಿನ್ನಿನ ಮುಂದೆ ತಂದು ನಿಲ್ಲಿಸಿದರೆ ಅದೇನೂ ಅಪರಿಚಿತ ಜಾಗಕ್ಕೆ ಬಂದಂತಾಗುವುದಿಲ್ಲ.

ಪಿಕಪ್ ಟ್ರಕ್ಕನ್ನು ಮನೆ ಮುಂದೆಯೇ ನಿಲ್ಲಿಸಿಕೊಂಡು ರಿಪೇರಿ ಮಾಡುವ ರೂಢಿ ಅಮೆರಿಕದಲ್ಲಿ ದಟ್ಟವಾಗಿದೆ. ಅಲ್ಲಿ ಬಹಳ ಕಾಲ ಓಡಿದ ಎಂಜಿನ್ನುಗಳಲ್ಲಿ ಶೆವ್ರೊಲೆಯ ‘350’ ಒಂದು. 1955ರಲ್ಲಿ ಬಂದ ಸ್ಮಾಲ್ ಬ್ಲಾಕ್ ಮನೆತನಕ್ಕೆ 1967ರಲ್ಲಿ ಸೇರಿದ, 5.7 ಲೀಟರಿನ, ಇಂಗ್ಲಿಷಿನ ವಿ ಅಕ್ಷರದಂತೆ ಎರಡು ಸಾಲಾಗಿ ಎಂಟು ಸಿಲಿಂಡರುಗಳಿರುವ ಎಂಜಿನ್ ಇದು. ಚಾಲಕನ ಬದಿಯಲ್ಲಿ ಮುಂದಿನಿಂದ ಹಿಂದಕ್ಕೆ 1, 3, 5, 7; ಇನ್ನೊಂದು ಬದಿಯಲ್ಲಿ 2, 4, 6, 8. ಬೆಂಕಿ ಹೊತ್ತುವ ಕ್ರಮ ಮಾತ್ರ ಬೇರೆ: 1-8-4-3-6-5-7-2. ಡಿಸ್ಟ್ರಿಬ್ಯೂಟರ್ ಕ್ಯಾಪಿನಿಂದ ಎಂಟು ವೈರುಗಳು ಎಂಟು ಪ್ಲಗ್ಗುಗಳಿಗೆ ಹೋಗುತ್ತವೆ. ಒಂದು ರಜಾದಿನ ಇಂಥ ಟ್ರಕ್ಕಿನ ಪ್ಲಗ್ಗು, ವೈರು, ಕ್ಯಾಪು, ರೋಟರು ಎಲ್ಲವನ್ನೂ ಹೊಸದು ಹಾಕಿ, ಕಾರ್ಬ್ಯುರೇಟರನ್ನೂ ಬಿಚ್ಚಿ ತೊಳೆದು ಕೂರಿಸಿ ಸ್ಟಾರ್ಟ್ ಮಾಡಿದಾಗ ಗಾಡಿ ಗಡಗಡ ನಡುಗುತ್ತದೆ, ಕಾರ್ಬ್ಯುರೇಟರಿನೊಳಗಿಂದ ಫಟ್ ಎಂದು ಸಿಡಿಯುತ್ತದೆ. ಮುಂದಿನ ವಿಚಾರಕ್ಕೆ ಇಷ್ಟು ಪ್ರಸಂಗ ಸಾಕು.

ಮೊದಲು ಇತ್ಯರ್ಥವಾಗಬೇಕಾದದ್ದು, ಅಲ್ಲಿ ತಿಳಿಯಬೇಕಾದ ವಸ್ತು ಯಾವುದು ಎಂಬುದು. ಮಿಸ್ಸಿಂಗ್ ಎನ್ನುವುದು ನಡೆದ ಘಟನೆಯಲ್ಲ, ನಡೆಯದೆ ಉಳಿದದ್ದು. ಇಲ್ಲದಿರುವುದನ್ನು ತಿಳಿಯುವುದು ಹೇಗೆ? ಏಳನೆಯ ಶತಮಾನದ ಕುಮಾರಿಲ ಭಟ್ಟನ ಮೀಮಾಂಸೆಯಲ್ಲಿ ಅಭಾವವನ್ನು ತಿಳಿಯಲು ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವೇ, ಎಂದರೆ ತಿಳಿಯುವ ದಾರಿಯೇ, ಇದೆ: ಇದ್ದಿದ್ದರೆ ಕಾಣಬೇಕಿತ್ತು, ಕಾಣಲಿಲ್ಲ, ಆದ್ದರಿಂದ ಇಲ್ಲ. ನೈಯಾಯಿಕರು ಅಭಾವವನ್ನು ಒಂದು ಪದಾರ್ಥವೆಂದು ಒಪ್ಪಿದರೂ ಅದು ಪ್ರತ್ಯಕ್ಷಕ್ಕೇ ಸಿಗುತ್ತದೆ ಎಂದರು. ಮೀಮಾಂಸೆಯೊಳಗೇ ಇರುವ ಪ್ರಭಾಕರನ ಪಂಥ ಅಭಾವವೆಂಬುದೇ ಬೇಡ, ಗಡಿಗೆಯಿಲ್ಲದ ಬರಿ ನೆಲವಷ್ಟೇ ಇರುವುದು ಎಂದಿತು. ಈ ಮೂವರಲ್ಲಿ ಗ್ಯಾರೇಜಿಗೆ ಹತ್ತಿರವಾಗುವವರು ನೈಯಾಯಿಕರೇ. ಅದಕ್ಕೆ ಕಾರಣ ಅವರ ಒಂದು ಕಟ್ಟುಪಾಡು. ಬರಿದೇ ‘ಇಲ್ಲ’ ಎಂಬುದಕ್ಕೆ ಅವರಲ್ಲಿ ಅರ್ಥವಿಲ್ಲ. ಯಾವುದು ಇಲ್ಲ, ಎಲ್ಲಿ ಇಲ್ಲ ಎಂಬೆರಡನ್ನೂ ಹೇಳಬೇಕು. ಇಲ್ಲದಿರುವ ವಸ್ತುವಿಗೆ ಪ್ರತಿಯೋಗಿ ಎಂದೂ ಅದು ಇಲ್ಲದಿರುವ ಜಾಗಕ್ಕೆ ಅನುಯೋಗಿ ಎಂದೂ ಹೆಸರು.

ಅಂಗಳದಲ್ಲಿ ಪತ್ತೆಯ ಕೆಲಸ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ‘ಗಾಡಿ ಸರಿಯಿಲ್ಲ’ ಎಂಬುದು ಪ್ರತಿಯೋಗಿಯೂ ಅನುಯೋಗಿಯೂ ಇಲ್ಲದ ಮಾತು. ಐದನೆಯ ಸಿಲಿಂಡರಿನಲ್ಲಿ ಕಿಡಿಯಿಲ್ಲ, ಅಥವಾ ಕಿಡಿಯಿದೆ ಆದರೆ ಹದವಾದ ಮಿಶ್ರಣವಿಲ್ಲ, ಅಥವಾ ಎರಡೂ ಇವೆ, ಒತ್ತಡ ನಿಲ್ಲುತ್ತಿಲ್ಲ ಎಂದಾಗ ಮಾತು ಕೆಲಸಕ್ಕೆ ಬರುತ್ತದೆ. 1996ರಿಂದ ಅಮೆರಿಕದ ಕಾರು ಮತ್ತು ಹಗುರ ಟ್ರಕ್ಕುಗಳಲ್ಲಿ ಕಡ್ಡಾಯವಾದ ಕಂಪ್ಯೂಟರ್ ವ್ಯವಸ್ಥೆ ಈ ಕೆಲಸದ ಅರ್ಧವನ್ನು ತಾನೇ ಮಾಡುತ್ತದೆ. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕಿಗೆ ಒಂದು ಸಣ್ಣ ನೂಕು ಸಿಗುತ್ತದೆ. ಆ ನೂಕು ಬರಬೇಕಾದ ಹೊತ್ತಿಗೆ ಬರದೆ ವೇಗ ಕುಸಿದದ್ದನ್ನು ಎಣಿಸಿ, ಐದನೆಯ ಸಿಲಿಂಡರಾದರೆ ಪಿ0305 ಎಂಬ ಕೋಡನ್ನು ಬರೆದಿಡುತ್ತದೆ. ಬರಬೇಕಿತ್ತು, ಬರಲಿಲ್ಲ: ಕುಮಾರಿಲನ ಅನುಪಲಬ್ಧಿಯನ್ನೇ ನೆನಪಿಸುವ ದಾರಿ. ಆದರೆ ಆ ಕೋಡು ಹೇಳುವುದು ‘ಎಲ್ಲಿ’ ಎಂಬುದನ್ನು ಮಾತ್ರ. ಅದನ್ನೇ ‘ಏಕೆ’ ಎಂದು ಓದಿ ಹೊಸ ಇಗ್ನಿಷನ್ ಕಾಯಿಲ್ ಕೊಂಡು ತಂದವರು ದುಡ್ಡು ಕಳೆದುಕೊಳ್ಳುತ್ತಾರೆ.

ಇನ್ನು ಕಾರಣದ ಮಾತು. ನ್ಯಾಯಶಾಸ್ತ್ರದಲ್ಲಿ ಕಾರಣ ಎನಿಸಿಕೊಳ್ಳಲು ಎರಡು ಪರೀಕ್ಷೆ ದಾಟಬೇಕು. ಕಾರ್ಯಕ್ಕಿಂತ ಮೊದಲು ತಪ್ಪದೆ ಇರಬೇಕು; ಜೊತೆಗೆ ಅನ್ಯಥಾಸಿದ್ಧವಾಗಿರಬಾರದು. ಅನ್ಯಥಾಸಿದ್ಧವೆಂದರೆ, ಅದಿಲ್ಲದೆಯೂ ಕಾರ್ಯ ನಡೆದೀತು ಎನ್ನುವಂಥದ್ದು, ಅಲ್ಲಿದ್ದರೂ ಲೆಕ್ಕಕ್ಕಿಲ್ಲದ್ದು. 17ನೆಯ ಶತಮಾನದ ವಿಶ್ವನಾಥ ನ್ಯಾಯಪಂಚಾನನನ ಭಾಷಾಪರಿಚ್ಛೇದದಲ್ಲಿ ಇಂಥವುಗಳ ಐದು ಬಗೆ ಬರುತ್ತದೆ. ಕುಂಬಾರನ ಗಡಿಗೆಗೆ ಚಕ್ರ ತಿರುಗಿಸುವ ಕೋಲು ಕಾರಣ. ಆದರೆ ಕೋಲಿನ ಕೋಲುತನ, ಕೋಲಿನ ಬಣ್ಣ, ಎಲ್ಲೆಡೆ ಇರುವ ಆಕಾಶ, ಕುಂಬಾರನ ತಂದೆ, ಮಣ್ಣು ಹೊತ್ತು ತಂದ ಕತ್ತೆ ಇವು ಕಾರಣಗಳಲ್ಲ.

ಅಂಗಳದ ಟ್ರಕ್ಕಿನ ಸುತ್ತ ಇವೆಲ್ಲವೂ ಇವೆ. ಹೊಸ ವೈರಿನ ಕೆಂಪು ಬಣ್ಣವೇ ಕೋಲಿನ ಬಣ್ಣ. ಪ್ಲಗ್ ಮಾರಿದ ಅಂಗಡಿ ಕುಂಬಾರನ ತಂದೆ. ಕಾರಣಕ್ಕೆ ಕಾರಣವಾದದ್ದು ಕಾರ್ಯಕ್ಕೆ ಕಾರಣವಲ್ಲ. ಅವತ್ತಿನ ಮೋಡ, ಅಮಾವಾಸ್ಯೆ, ಹೊರಡುವಾಗ ಸೀನಿದ್ದು ಇವು ಆಕಾಶದ ಸಾಲಿಗೆ ಸೇರುತ್ತವೆ. ಇಷ್ಟನ್ನು ಬದಿಗಿಡುವುದು ಸುಲಭ.

ಕತ್ತೆಯ ವಿಷಯ ಹಾಗಲ್ಲ. ಶಾಸ್ತ್ರಕಾರರು ಇಲ್ಲಿ ಸೂಕ್ಷ್ಮವಾಗಿ ನಡೆದಿದ್ದಾರೆ. ಯಾವುದೋ ಒಂದು ನಿರ್ದಿಷ್ಟ ಗಡಿಗೆಯ ಮಣ್ಣನ್ನು ಈ ಕತ್ತೆಯೇ ತಂದಿರಬಹುದು. ಆ ಗಡಿಗೆಯ ಮಟ್ಟಿಗೆ ಕತ್ತೆ ಮೊದಲೇ ಇತ್ತು ಎಂಬುದು ನಿಜವೇ. ಆದರೂ ‘ಗಡಿಗೆ’ ಎಂಬ ಜಾತಿಗೆಲ್ಲ ಮಣ್ಣು, ಕೋಲು, ಚಕ್ರ, ಕುಂಬಾರ ಇಷ್ಟೇ ಸಾಕಾಗುವುದರಿಂದ ಕತ್ತೆಯನ್ನು ಲೆಕ್ಕದಿಂದ ಬಿಡಬಹುದು ಎಂಬುದು ಅವರ ನಿಲುವು. ಗಡಿಗೆಗಳ ಸಾಮಾನ್ಯ ನಿಯಮವನ್ನು ಹುಡುಕುವವರಿಗೆ ಇದು ಸರಿ. ಎದುರಿಗೆ ನಿಂತ ಒಂದೇ ಒಂದು ಟ್ರಕ್ಕಿನ ನಡುಕವನ್ನು ಬಿಡಿಸಬೇಕಾದವನಿಗೆ ಮಾತ್ರ ಇದು ಸಾಲದು. ಅವನು ಹುಡುಕುತ್ತಿರುವುದು ಹಲವು ಸಲ ಕತ್ತೆಯನ್ನೇ.

ಪ್ಲಗ್ ಬಿಚ್ಚಲು ಎಂಜಿನ್ ಮೇಲೆ ಬಗ್ಗಿದಾಗ ಮೊಣಕೈ ಒಂದು ಹಳೆಯ ವ್ಯಾಕ್ಯೂಮ್ ಪೈಪಿನ ಮೇಲೆ ಊರುತ್ತದೆ. ಬೆರಳಿಗಿಂತ ಸಣ್ಣ, ಕಪ್ಪು ರಬ್ಬರಿನ ಪೈಪು. ವರ್ಷಗಟ್ಟಲೆ ಬಿಸಿ ತಿಂದು ಒಣ ಕಡ್ಡಿಯಂತೆ ಸೆಟೆದಿರುತ್ತದೆ. ಲೋಹದ ಮೂತಿಯನ್ನು ಅಪ್ಪಿರುವ ತುದಿಯಲ್ಲಿ ಅದು ಕೂದಲೆಳೆಯಷ್ಟು ಸೀಳುತ್ತದೆ. ಪೈಪು ನೆಟ್ಟಗಿದ್ದಾಗ ಸೀಳು ಕಣ್ಣಿಗೆ ಮುಚ್ಚಿಕೊಂಡಂತಿರುತ್ತದೆ; ಬೆರಳಿನಿಂದ ಪಕ್ಕಕ್ಕೆ ಬಗ್ಗಿಸಿದರಷ್ಟೇ ಬಾಯಿ ಬಿಡುತ್ತದೆ, ಒಳಗಿನ ರಬ್ಬರಿನ ಮಾಸದ ಕಪ್ಪು ಆಗ ಕಾಣುತ್ತದೆ. ಎಂಜಿನ್ ಓಡುವಾಗ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ, ಹತ್ತಿರದ ಸಿಲಿಂಡರಿನ ಮಿಶ್ರಣ ತೆಳುವಾಗುತ್ತದೆ, ನಿಂತಲ್ಲೇ ಓಡುವಾಗ ಬೆಂಕಿ ಹೊತ್ತುವುದಿಲ್ಲ. ಆಕ್ಸಿಲರೇಟರ್ ಒತ್ತಿದರೆ ನಡುಕ ಬಹುಪಾಲು ಮಾಯ. ಪ್ಲಗ್ ಬದಲಾಯಿಸುವುದರ ಯಾವ ವಿವರಣೆಯಲ್ಲೂ ಮೊಣಕೈಗೆ ಜಾಗವಿಲ್ಲ. ಸಾಮಾನ್ಯ ನಿಯಮದ ಕಣ್ಣಿಗೆ ಅದು ಕತ್ತೆ. ಈ ಗಾಡಿಯ ಮಟ್ಟಿಗೆ ಅದೂ ಒಂದು ಕಾರಣ. ಮಾಡಿದ ಕೆಲಸಗಳ ಪಟ್ಟಿಯ ಜೊತೆಗೆ, ಮಾಡುವಾಗ ಎಲ್ಲೆಲ್ಲಿ ಕೈಯೂರಿದ್ದಾಯಿತು, ಏನನ್ನು ಸರಿಸಿದ್ದಾಯಿತು ಎಂಬುದನ್ನೂ ನೆನಪಿಸಿಕೊಂಡು ಬರೆಯಬೇಕು ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಇಷ್ಟೆಲ್ಲದರಲ್ಲಿ ಯಾವುದು ನಿಜವಾದ ಕಾರಣ ಎಂದು ಆರಿಸುವ ದಾರಿ ಅನ್ವಯ-ವ್ಯತಿರೇಕ. ಇದ್ದರೆ ಆಗುತ್ತದೆ, ಇಲ್ಲದಿದ್ದರೆ ಆಗುವುದಿಲ್ಲ ಎಂದು ಎರಡೂ ಕಡೆಯಿಂದ ಒರೆಹಚ್ಚುವುದು. 1843ರಲ್ಲಿ ಜಾನ್ ಸ್ಟುಅರ್ಟ್ ಮಿಲ್ ತನ್ನ ತರ್ಕಗ್ರಂಥದಲ್ಲಿ ವಿವರಿಸಿದ ಸಹಮತಿ, ವ್ಯತ್ಯಾಸಗಳ ವಿಧಾನಗಳೂ ಇದೇ ಜಾಡಿನವು. ಓಡುತ್ತಿರುವ ಹಳೆಯ ಎಂಜಿನ್ನಿನಲ್ಲಿ ಒಂದೊಂದೇ ಪ್ಲಗ್ಗಿನ ಕಿಡಿಯನ್ನು ತಪ್ಪಿಸುತ್ತ ಹೋಗುತ್ತಾರೆ. ಶಾಕ್ ಹೊಡೆಯದ ಇಕ್ಕಳ ಬೇಕು. ಕಿತ್ತ ವೈರನ್ನು ತೂಗಾಡಲು ಬಿಡದೆ ಎಂಜಿನ್ನಿನ ಲೋಹಕ್ಕೆ ತಾಗಿಸಬೇಕು, ಇಲ್ಲವಾದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಸುಟ್ಟೀತು. ಮೊದಲನೆಯದನ್ನು ತಪ್ಪಿಸಿದರೆ ಎಂಜಿನ್ ಇನ್ನೂ ಹೆಚ್ಚು ಕುಂಟುತ್ತದೆ, ಅದು ಬದುಕಿತ್ತು. ಮೂರನೆಯದು, ಹಾಗೆಯೇ. ಐದನೆಯದನ್ನು ತಪ್ಪಿಸಿದಾಗ ಸದ್ದು ಒಂದಿಷ್ಟೂ ಬದಲಾಗುವುದಿಲ್ಲ. ಸತ್ತದ್ದು ಅಲ್ಲಿ. ತೆಗೆದರೂ ಏನೂ ಕಡಿಮೆಯಾಗಲಿಲ್ಲವೆಂದರೆ ಅಲ್ಲಿ ಮೊದಲೇ ಏನೂ ಇರಲಿಲ್ಲ. ಅಭಾವವನ್ನು ಹಿಡಿಯಲು ಇದಕ್ಕಿಂತ ಚೆಲುವಾದ ಉಪಾಯ ಸಿಗುವುದು ಕಷ್ಟ.

ಕರ್ನಾಟಕದ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ನಿಲ್ಲುವ ಲಾರಿಗಳು ಹೆಚ್ಚಾಗಿ ಡೀಸೆಲ್ಲಿನವು. ಅವುಗಳಲ್ಲಿ ಪ್ಲಗ್ಗೂ ಇಲ್ಲ, ಕಿಡಿಯೂ ಇಲ್ಲ. ಆದರೂ ಹಳೆಯ ಲಾರಿಗೆ ಇದೇ ಪರೀಕ್ಷೆ ನಡೆಯುತ್ತದೆ. ಇಂಜೆಕ್ಟರಿಗೆ ಹೋಗುವ ಪೈಪಿನ ನಟ್ಟನ್ನು ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸಿದರೆ ಆ ಸಿಲಿಂಡರಿಗೆ ಡೀಸೆಲ್ ತಪ್ಪುತ್ತದೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಅಲ್ಲಿ ಮಿಸ್ಸಿಂಗ್. ಫಿಲ್ಟರ್ ಬದಲಾಯಿಸಿದ ಮೇಲೆ ಲಾರಿ ಕುಂಟತೊಡಗಿದರೆ ಮೊದಲ ಗುಮಾನಿ ಲೈನಿನೊಳಗೆ ಹೊಕ್ಕ ಗಾಳಿಯ ಮೇಲೆ. ಹೊಸ ತಲೆಮಾರಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಮಾತ್ರ ಈ ನಟ್ಟಿಗೆ ಕೈ ಹಚ್ಚಬಾರದು. ಅಲ್ಲಿನ ಒತ್ತಡಕ್ಕೆ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ.

ಅನ್ವಯ-ವ್ಯತಿರೇಕಕ್ಕೆ ಒಂದು ಷರತ್ತಿದೆ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮನೆಯ ರಿಪೇರಿ ಮುರಿಯುವುದು ಈ ಷರತ್ತನ್ನೇ. ರಜೆ ಒಂದೇ ದಿನ, ಬಾನೆಟ್ ಹೇಗೂ ತೆರೆದಿದೆ, ಎಲ್ಲವನ್ನೂ ಒಟ್ಟಿಗೆ ಮುಗಿಸೋಣ ಎಂಬುದು ಸಹಜವಾದ ಆಸೆ. ಐದು ಕೆಲಸ ಒಟ್ಟಿಗೆ ಮಾಡಿದ ಮೇಲೆ ಕೆಟ್ಟರೆ ಐದೂ ಸಮಾನವಾಗಿ ಗುಮಾನಿಗೆ ಒಳಗಾಗುತ್ತವೆ. ಆಗ ಉಳಿಯುವುದು ಹಿಮ್ಮುಖದ ದಾರಿ. ಐದನೆಯ ಸಿಲಿಂಡರಿನ ಪ್ಲಗ್ಗನ್ನು ಒಂದನೆಯದಕ್ಕೆ ಹಾಕಿ ನೋಡುವುದು. ರೋಗ ಪ್ಲಗ್ಗಿನ ಜೊತೆ ಹೋಯಿತೋ, ಸಿಲಿಂಡರಿನಲ್ಲೇ ಉಳಿಯಿತೋ ಎಂದು ಗಮನಿಸುವುದು. ಆಮೇಲೆ ವೈರು. ತಾಳ್ಮೆ ಬೇಡುವ ಕೆಲಸ.

ಈಗ ನಮ್ಮ ಪ್ರಸಂಗದ ನಿಜವಾದ ಗಂಟು. ಕಿಡಿ ತಪ್ಪಿಸುವ ಪರೀಕ್ಷೆಯನ್ನು ಎಂಟಕ್ಕೂ ಮುಗಿಸಿದಾಗ ಐದರ ಜೊತೆ ಏಳೂ ಸತ್ತಿದೆ ಎಂದು ತಿಳಿಯಿತು. ಟೆಸ್ಟರ್ ಹಿಡಿದರೆ ಎರಡರಲ್ಲೂ ನೀಲಿ ಕಿಡಿ ಚಟ್ ಚಟ್ ಎನ್ನುತ್ತಿದೆ. ಪ್ಲಗ್ ಹೊಸದು, ವೈರ್ ಹೊಸದು, ಪೆಟ್ರೋಲು ಬರುತ್ತಿದೆ, ಒತ್ತಡ ಚೆನ್ನಾಗಿದೆ. ಕಾರಣಗಳೆಲ್ಲ ಇವೆ, ಕಾರ್ಯ ಮಾತ್ರ ಇಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಜಯಂತ ಭಟ್ಟ ನ್ಯಾಯಮಂಜರಿಯಲ್ಲಿ ಸಾಮಗ್ರಿಗೆ ದೊಡ್ಡ ಸ್ಥಾನ ಕೊಟ್ಟ. ಜ್ಞಾನ ಹುಟ್ಟುವುದಕ್ಕೆ ಬಿಡಿಯಾದ ಯಾವುದೋ ಒಂದು ಸಾಧನವನ್ನು ಹೆಸರಿಸಿದರೆ ಸಾಲದು, ಎಲ್ಲವೂ ಕೂಡಿಬಂದ ಆ ಕೂಟವೇ ಪ್ರಮಾಣ ಎಂಬುದು ಅವನ ವಾದ. ಕೂಡಿಬರುವುದೆಂದರೆ ಒಂದೇ ಜಾಗದಲ್ಲಿ ಇರುವುದಷ್ಟೇ ಅಲ್ಲ ಎಂಬುದು ಎಂಜಿನ್ನಿನ ಮುಂದೆ ಸ್ಪಷ್ಟವಾಗುತ್ತದೆ. ಕ್ಯಾಪಿನ ಮೇಲೆ ಐದರ ಮತ್ತು ಏಳರ ತೂತುಗಳು ಅಕ್ಕಪಕ್ಕ. ಎಂಜಿನ್ನಿನಲ್ಲಿ ಆ ಸಿಲಿಂಡರುಗಳೂ ಅಕ್ಕಪಕ್ಕ. ವೈರು ಅದಲುಬದಲಾಗಿದೆ. ಎಂಟು ಸಿಲಿಂಡರಿನಲ್ಲಿ ಒಂದು ಬೆಂಕಿಗೂ ಇನ್ನೊಂದಕ್ಕೂ ನಡುವೆ ಕ್ರ್ಯಾಂಕಿನ 90 ಡಿಗ್ರಿ ಅಂತರ. ಹಾಗಾಗಿ ಐದಕ್ಕೆ ಕಿಡಿ 90 ಡಿಗ್ರಿ ತಡವಾಗಿ, ಏಳಕ್ಕೆ 90 ಡಿಗ್ರಿ ಬೇಗ ಬರುತ್ತಿದೆ. ಕಿಡಿ ಇದೆ, ಪೆಟ್ರೋಲೂ ಇದೆ, ಆದರೆ ಅವು ಒಂದನ್ನೊಂದು ಸಂಧಿಸಬೇಕಾದ ಕ್ಷಣ ತಪ್ಪಿಹೋಗಿದೆ. ಕಾಲವನ್ನು ನ್ಯಾಯಶಾಸ್ತ್ರ ಎಲ್ಲ ಕಾರ್ಯಗಳಿಗೂ ಸಾಧಾರಣ ಕಾರಣಗಳಲ್ಲಿ ಎಣಿಸಿ, ಸಾಧಾರಣವಾದ್ದರಿಂದಲೇ ಅದರ ಮೇಲೆ ತಪ್ಪು ಹೊರಿಸುವುದಿಲ್ಲ. ಎಲ್ಲಕ್ಕೂ ಒಂದೇ ಆದ ಆ ಕಾಲ ಬೇರೆ, ಇಲ್ಲಿ ತಪ್ಪಿದ ಕ್ರಮ ಬೇರೆ. ಕ್ರಮವನ್ನು ಸಾಮಗ್ರಿಯ ಒಂದು ಅಂಗವೆಂದೇ ಹಿಡಿಯದೆ ಈ ಗಂಟು ಬಿಚ್ಚುವುದಿಲ್ಲ.

ಆ ಕ್ರಮ ತಿಳಿಯುವುದು ಹೇಗೆ? ನೋಡಿದರೆ ಕಾಣುವುದಿಲ್ಲ, ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ ಸುಲಭವಾಗಿ ಊಹಿಸಲೂ ಬರುವುದಿಲ್ಲ. ತಯಾರಿಸಿದವರೇ ಹೇಳಬೇಕು. ಈ ಎಂಜಿನ್ನಿನ ಅನೇಕ ಇನ್‌ಟೇಕ್ ಮ್ಯಾನಿಫೋಲ್ಡುಗಳ ಮೇಲೆ ಆ ಎಂಟು ಅಂಕಿಗಳು ಎರಕದಲ್ಲೇ ಉಬ್ಬಿ ನಿಂತಿವೆ. ಜಿಡ್ಡು ಒರೆಸಿದರೆ ಬೆರಳಿಗೇ ಸಿಗುತ್ತವೆ. ಬಲ್ಲ ನಂಬಿಗಸ್ತರ ಮಾತನ್ನು, ಆಪ್ತವಾಕ್ಯವನ್ನು, ಪ್ರಮಾಣವೆಂದು ಒಪ್ಪುವುದಕ್ಕೆ ಇದಕ್ಕಿಂತ ಸರಳವಾದ ಕಾರಣ ಬೇಡ.

ವೈರುಗಳನ್ನು ಸರಿಯಾದ ಜಾಗಕ್ಕೆ ಹಾಕಿದ ಮೇಲೂ ಐದು-ಏಳರ ಕಾಟ ಪೂರ್ತಿ ತೀರಿತೆಂದಲ್ಲ. ಈ ಎರಡು ವೈರುಗಳು ಒಂದಕ್ಕೊಂದು ಅಂಟಿಕೊಂಡು ಉದ್ದಕ್ಕೆ ಸಾಗಿದರೆ, ಐದರಲ್ಲಿ ಹರಿಯುವ ವಿದ್ಯುತ್ತಿನ ಪ್ರೇರಣೆಯಿಂದ ಏಳರಲ್ಲೂ ಅಕಾಲದ ಕಿಡಿ ಹುಟ್ಟಬಹುದು. ಇದು ಹಳೆಯ ಶೆವ್ರೊಲೆ ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತಿರುವ ತೊಂದರೆ. ಎರಡರ ನಡುವೆ ಅಂತರ ಬಿಟ್ಟು, ಅಡ್ಡಡ್ಡ ಹಾಯಿಸಿ ಕ್ಲಿಪ್ ಹಾಕುತ್ತಾರೆ. ಇದು ಶಾಸ್ತ್ರದ ಪ್ರತಿಬಂಧಕದ, ಎಂದರೆ ಅಡ್ಡಿಯ, ಪ್ರಸಂಗ. ಬೆಂಕಿಯ ಪಕ್ಕ ಒಂದು ಬಗೆಯ ಮಣಿಯಿಟ್ಟರೆ ಬೆಂಕಿ ಸುಡುವುದಿಲ್ಲ, ಮಣಿ ತೆಗೆದರೆ ಸುಡುತ್ತದೆ ಎಂಬ ಉದಾಹರಣೆಯನ್ನಿಟ್ಟುಕೊಂಡು ಶಾಸ್ತ್ರಕಾರರು ವಾದಿಸಿದರು. ಮಣಿಯಿಂದ ಬೆಂಕಿಯ ಶಕ್ತಿ ನಾಶವಾಗುತ್ತದೆ, ಆದ್ದರಿಂದ ಶಕ್ತಿ ಎಂಬುದೊಂದು ಪ್ರತ್ಯೇಕ ಪದಾರ್ಥ ಎಂದರು ಮೀಮಾಂಸಕರು. ಅಷ್ಟೆಲ್ಲ ಬೇಡ, ತಡೆಯುವ ವಸ್ತುವಿನ ಅಭಾವವೂ ಕಾರಣಗಳಲ್ಲಿ ಒಂದು ಎಂದುಕೊಂಡರೆ ಸಾಕು ಎಂದರು ನೈಯಾಯಿಕರು. ಪತ್ತೆ ಮಾಡುವವನಿಗೆ ಎರಡನೆಯ ಮಾತೇ ಉಪಯೋಗಕ್ಕೆ ಬರುತ್ತದೆ. ಏಕೆಂದರೆ ಅದು ಅವನ ಹುಡುಕಾಟಕ್ಕೆ ಇನ್ನೊಂದು ಪಟ್ಟಿ ಕೊಡುತ್ತದೆ: ಏನು ಕಡಿಮೆಯಾಗಿದೆ ಎಂಬುದರ ಜೊತೆಗೆ, ಇರಬಾರದ್ದು ಏನಿದೆ? ಪ್ಲಗ್ಗಿನ ಪಿಂಗಾಣಿಯ ಮೇಲಿನ ಸೀಳು, ಕ್ಯಾಪಿನೊಳಗೆ ಕೂತ ತೇವ, ಜಿಡ್ಡು ಮಸಿ ಸೇರಿ ಕಿಡಿಗೆ ಕಳ್ಳದಾರಿ ಮಾಡಿಕೊಟ್ಟ ತೆಳು ಗೆರೆ.

ಮಣಿಯ ಚರ್ಚೆಯಲ್ಲಿ ಇನ್ನೊಂದು ಮಣಿಯೂ ಬರುತ್ತದೆ. ತಡೆಯುವ ಮಣಿ ಅಲ್ಲಿಯೇ ಇದ್ದರೂ ಅದರ ತಡೆಯನ್ನು ಕೊಲ್ಲುವ ಎರಡನೆಯ ಮಣಿ, ಹೆಸರು ಉತ್ತೇಜಕ. ಗ್ಯಾರೇಜಿನಲ್ಲಿ ಉತ್ತೇಜಕದಷ್ಟು ಮೋಸ ಮಾಡುವುದು ಬೇರೊಂದಿಲ್ಲ. ಕಾಯಿಲ್ ದುರ್ಬಲವಾಗಿ, ಪ್ಲಗ್ಗಿನ 1.1 ಮಿಲಿಮೀಟರ್ ಸಂದನ್ನು ಕಿಡಿ ಜಿಗಿಯಲಾರದೆ ಹೋದಾಗ ಸಂದನ್ನು ತಟ್ಟಿ ಕಿರಿದು ಮಾಡಿದರೆ ಮಿಸ್ಸಿಂಗ್ ನಿಲ್ಲುತ್ತದೆ. ನಿಂತಿತೆಂದು ಬಾನೆಟ್ ಮುಚ್ಚುತ್ತಾರೆ. ದುರ್ಬಲ ಕಾಯಿಲ್ ಹಾಗೆಯೇ ಇದೆ. ಹೇರು ಹೊತ್ತು ಏರು ಹತ್ತುವ ದಿನ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

‘ವೈರು ಬದಲಾಯಿಸಿದ್ದಕ್ಕೇ ಮಿಸ್ಸಿಂಗ್ ಬಂತು’ ಎಂಬ ಅನುಮಾನದ ದೋಷಕ್ಕೂ ಶಾಸ್ತ್ರದಲ್ಲಿ ಹೆಸರಿದೆ: ಉಪಾಧಿ. ಬೆಂಕಿಯಿದ್ದಲ್ಲೆಲ್ಲ ಹೊಗೆ ಎಂಬ ಮಾತು ಸುಳ್ಳು. ಕಾಸಿದ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಸಿ ಸೌದೆಯಿದ್ದಾಗ ಮಾತ್ರ ಹೊಗೆ. ಆ ಹಸಿ ಸೌದೆಯೇ ಉಪಾಧಿ. ವೈರು ಬದಲಾಯಿಸಿದವರಿಗೆಲ್ಲ ಮಿಸ್ಸಿಂಗ್ ಬರುವುದಿಲ್ಲ. ಕ್ರಮ ತಪ್ಪಿದಲ್ಲಿ, ಪ್ಲಗ್ಗಿನ ತಲೆಗೆ ವೈರಿನ ಟೋಪಿ ‘ಟಕ್’ ಎಂದು ಕೂರದೆ ಉಳಿದಲ್ಲಿ ಬರುತ್ತದೆ. ಈ ಉಪಾಧಿಯನ್ನು ಗುರುತಿಸದೆ, ಇನ್ನು ಮೇಲೆ ಮನೆಯಲ್ಲಿ ಗಾಡಿಗೆ ಕೈ ಹಾಕಬಾರದು ಎಂದು ತೀರ್ಮಾನಿಸುವುದು ಕಾದ ಕಬ್ಬಿಣದಲ್ಲಿ ಹೊಗೆ ಹುಡುಕಿದಂತೆ.

ಕುರುಹು ಒಂದು ಕಡೆ, ಕಾರಣ ಇನ್ನೊಂದು ಕಡೆ ಇರುವುದೂ ಇಲ್ಲಿ ಸಾಮಾನ್ಯ. ನಡುಕ ಸ್ಟೀರಿಂಗಿನಲ್ಲಿ, ಹಸಿ ಪೆಟ್ರೋಲಿನ ವಾಸನೆ ಸೈಲೆನ್ಸರಿನಲ್ಲಿ, ದೋಷ ಎಂಜಿನ್ನಿನ ಹಿಂಬದಿಯ ಮೂಲೆಯಲ್ಲಿ. ನ್ಯಾಯಮತದಲ್ಲಿ ಹೊಗೆಯೂ ಬೆಂಕಿಯೂ ಒಂದೇ ಬೆಟ್ಟದ ಮೇಲಿರಬೇಕು. ಮಳಖೇಡದಲ್ಲಿ ವೃಂದಾವನವಿರುವ 14ನೆಯ ಶತಮಾನದ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಈ ಬಿಗಿಯನ್ನು ಸಡಿಲಿಸಿದರು. ಕೆಳಗಿನ ಊರಿನಲ್ಲಿ ಹೊಳೆಗೆ ಬಂದ ಪ್ರವಾಹದಿಂದ ಮೇಲಿನ ಸೀಮೆಯ ಮಳೆಯನ್ನು ಊಹಿಸುವುದಿಲ್ಲವೇ? ಕುರುಹು ತನಗೆ ಉಚಿತವಾದ ಜಾಗದಲ್ಲಿದ್ದರೆ ಸಾಕು. ಮಧ್ವ ಸಂಪ್ರದಾಯದ ಈ ಮಾತು ಎಂಜಿನ್ನಿಗೆ ಹೆಚ್ಚು ಒಪ್ಪುತ್ತದೆ. ಸೈಲೆನ್ಸರಿನ ಕಪ್ಪು ಹೊಗೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಮಿತಿಮೀರಿದ್ದನ್ನು, ನೀಲಿ ಹೊಗೆ ಸಿಲಿಂಡರಿಗೆ ಆಯಿಲ್ ಇಳಿದದ್ದನ್ನು, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಒಳಗೆ ನೀರು ಸೇರಿದ್ದನ್ನು ಹೇಳುತ್ತದೆ.

ರಿಪೇರಿಯ ಮೇಲೆ ಬರುವ ದೋಷಗಳಲ್ಲಿ ರಿಪೇರಿಯಿಂದ ಹುಟ್ಟದೆ, ರಿಪೇರಿಯಿಂದ ಬೆಳಕಿಗೆ ಬಂದವೂ ಇರುತ್ತವೆ. ಕಾರಕ, ವ್ಯಂಜಕ ಎಂದು ಶಾಸ್ತ್ರ ಬೇರ್ಪಡಿಸುವುದು ಇದನ್ನೇ: ಕುಂಬಾರ ಗಡಿಗೆಯನ್ನು ಮಾಡುತ್ತಾನೆ, ದೀಪ ಗಡಿಗೆಯನ್ನು ತೋರಿಸುತ್ತದೆ. ಎಲ್ಲ ಪ್ಲಗ್ಗುಗಳೂ ಹಳತಾಗಿ ಎಂಜಿನ್ನೇ ಒರಟಾಗಿ ಓಡುತ್ತಿದ್ದಾಗ ಒಂದು ವಾಲ್ವಿನ ಅಂಚು ಸುಟ್ಟು ಒತ್ತಡ ಸೋರುತ್ತಿದ್ದದ್ದು ಗೊತ್ತೇ ಆಗಿರಲಿಲ್ಲ. ಏಳು ಸಿಲಿಂಡರುಗಳು ನಯವಾದ ಮೇಲೆ ಎಂಟನೆಯದರ ಕುಂಟು ಎದ್ದು ಕಾಣುತ್ತದೆ. ಪ್ಲಗ್ಗಿನ ತೂತಿಗೆ ಕಂಪ್ರೆಷನ್ ಗೇಜು ಹಾಕಿದರೆ ಇದು ತೀರ್ಮಾನವಾಗುತ್ತದೆ. ಜನರಲ್ ಮೋಟಾರ್ಸಿನ ಲೆಕ್ಕದಲ್ಲಿ ಅತಿ ಕಡಿಮೆಯದು ಅತಿ ಹೆಚ್ಚಿನದರ 70 ಪ್ರತಿಶತಕ್ಕಿಂತ ಕೆಳಗಿಳಿಯಬಾರದು, ಯಾವುದೂ ಚದರ ಅಂಗುಲಕ್ಕೆ 100 ಪೌಂಡಿಗಿಂತ ಕಡಿಮೆಯಿರಬಾರದು. ಇಂಥ ಕಡೆ ರಿಪೇರಿ ದೀಪದ ಕೆಲಸ ಮಾಡಿದೆ. ದೀಪವನ್ನು ದೂರುವುದು ಅನ್ಯಾಯ; ಆದರೆ ಕಾರಕವಾಗಿದ್ದ ಕೈ ತಾನು ವ್ಯಂಜಕವಷ್ಟೇ ಎಂದು ಹೇಳಿಕೊಳ್ಳಲು ಬಹಳ ಬೇಗ ಮುಂದಾಗುತ್ತದೆ ಎಂಬುದೂ ನೆನಪಿರಬೇಕು. ಅದಕ್ಕೇ ಗೇಜು ಬೇಕು.

ಇಷ್ಟೆಲ್ಲ ಮಾಡಿ ಕಂಡುಹಿಡಿದ ಕಾರಣ ನಿಜವಾಗಿಯೂ ಕಾರಣವೇ ಎಂಬ ಶಂಕೆ ಕೊನೆಗೂ ಉಳಿಯಬಹುದು. ಚಾರ್ವಾಕರು ಅನುಮಾನವನ್ನೇ ಅಲ್ಲಗಳೆದದ್ದು ಈ ಶಂಕೆಯಿಂದ: ಕಂಡಷ್ಟು ಕಡೆ ಜೊತೆಗಿದ್ದವು, ಕಾಣದ ಕಡೆಯೂ ಜೊತೆಗಿವೆಯೆಂದು ಯಾರು ಬಲ್ಲರು? 1739ರಲ್ಲಿ ಡೇವಿಡ್ ಹ್ಯೂಮ್ ಬೇರೆ ದಾರಿಯಿಂದ ಬಂದು ಇದೇ ಪ್ರಶ್ನೆಯ ಮುಂದೆ ನಿಂತ. ಹತ್ತನೆಯ ಶತಮಾನದ ನೈಯಾಯಿಕ ಉದಯನ ನ್ಯಾಯಕುಸುಮಾಂಜಲಿಯಲ್ಲಿ ಕೊಟ್ಟ ಉತ್ತರ, ಶಂಕಿಸುವವನ ನಡವಳಿಕೆಯೊಡನೆ ಬರುವ ವಿರೋಧವೇ ಶಂಕೆಗೆ ಗಡಿ ಎಂಬುದು. ಹೊಗೆ ಬೇಕಾದಾಗ ಬೆಂಕಿ ಹೊತ್ತಿಸುವವನು, ಹಸಿವಾದಾಗ ಉಣ್ಣುವವನು, ಅವುಗಳ ಸಂಬಂಧವನ್ನು ಮಾತಿನಲ್ಲಿ ಶಂಕಿಸಿದರೆ ಕೈಯೇ ಬಾಯಿಗೆ ಎದುರಾಡುತ್ತದೆ. 12ನೆಯ ಶತಮಾನದಲ್ಲಿ ವೇದಾಂತಿ ಶ್ರೀಹರ್ಷ ಅದೇ ಉತ್ತರವನ್ನು ತಿರುಗಿಸಿ ಹಾಕಿದ: ವಿರೋಧವಿದೆ ಎನ್ನುವುದಕ್ಕೇ ಶಂಕೆ ಇರಬೇಕಲ್ಲ, ಹಾಗಿದ್ದ ಮೇಲೆ ವಿರೋಧ ಶಂಕೆಯನ್ನು ತಡೆಯುವುದೆಲ್ಲಿ? ಮಿಥಿಲೆಯ ಗಂಗೇಶ ಆಮೇಲೆ ಇದಕ್ಕೆ ಮರುತ್ತರ ಕೊಟ್ಟ. ದ್ವೈತಿಗಳು ಹೇಳುವುದು ಸಾಕ್ಷಿಯ ಮಾತು. ಪರೀಕ್ಷೆಯ ಮೇಲೆ ಪರೀಕ್ಷೆ ಎಂದು ಹೋಗುತ್ತಲೇ ಇದ್ದರೆ ಅನವಸ್ಥೆ. ಪರೀಕ್ಷೆ ಎಲ್ಲೋ ಒಂದು ಕಡೆ ಅರಿಯುವವನ ಒಳಗಿನ ಸಾಕ್ಷಿಯಲ್ಲಿ ನಿಲ್ಲಬೇಕು. ಸುಖವಾಗುತ್ತಿದೆಯೋ ಇಲ್ಲವೋ ಎಂದು ಯಾರೂ ಎರಡನೆಯವರನ್ನು ಕೇಳುವುದಿಲ್ಲ, ಅಂಥ ನಿಲುಗಡೆ ಅದು. ಆದರೆ ಪರೀಕ್ಷೆಗೆ ಮೊದಲೇ ಸಾಕ್ಷಿಯನ್ನು ಕರೆಯುವ ಹಾಗಿಲ್ಲ. ಸರಿಮಾಡಿದ ವೈರುಗಳನ್ನು ಮತ್ತೊಮ್ಮೆ ಅದಲುಬದಲು ಮಾಡಿ, ಅದೇ ನಡುಕ ಮರಳಿತೆಂದು ನೋಡಿ, ಮತ್ತೆ ಸರಿಪಡಿಸುವ ಮೆಕ್ಯಾನಿಕ್ ಅಪರೂಪ. ಹಾಗೆ ಮಾಡಿದವನಿಗೆ ಸಿಗುವ ನಿಶ್ಚಯ ಮಾತ್ರ ಬೇರೆಯದೇ.

ಉಳಿದದ್ದು ಕರ್ತೃವಿನ ಪ್ರಶ್ನೆ. ಗ್ಯಾರೇಜಿಗೆ ಬಂದ ಗಾಡಿಯನ್ನು ಮೆಕ್ಯಾನಿಕ್ ಹೊರಗೆ ನಿಂತು ನೋಡುತ್ತಾನೆ. ತನ್ನ ಗಾಡಿಯನ್ನು ತಾನೇ ರಿಪೇರಿ ಮಾಡಿದವನಿಗೆ ಆ ಅನುಕೂಲವಿಲ್ಲ. ಹುಡುಕುವವನೂ ಅವನೇ, ಗುಮಾನಿಗೆ ಒಳಗಾದ ಕಾರಣಗಳಲ್ಲಿ ಒಬ್ಬನೂ ಅವನೇ. ಅಭಿಮಾನವಿದ್ದರೆ ಹೊಸ ಪ್ಲಗ್ಗೇ ಕಳಪೆ ಎನ್ನುತ್ತಾನೆ. ಅಪರಾಧದ ಭಾರವಿದ್ದರೆ, ತಾನು ಮುಟ್ಟದ ವಾಲ್ವಿನ ತಪ್ಪನ್ನೂ ಹೊತ್ತುಕೊಂಡು ಮಾಡಿದ್ದನ್ನೆಲ್ಲ ಮತ್ತೆ ಬಿಚ್ಚುತ್ತಾನೆ. ಎರಡರಲ್ಲೂ ಪತ್ತೆ ಕೆಡುತ್ತದೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಹೇಳಿದೆ: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆ, ಐದನೆಯದಾಗಿ ದೈವ. ಹೀಗಿರುವಾಗ ತನ್ನೊಬ್ಬನನ್ನೇ ಕರ್ತೃವೆಂದು ಕಾಣುವವನ ನೋಟ ಸರಿಯಲ್ಲ ಎಂದು ಅಲ್ಲಿಯೇ ಮುಂದಿನ ಮಾತಿದೆ. ಶುದ್ಧ ಆತ್ಮನಿಗೆ ಕರ್ತೃತ್ವವೇ ಇಲ್ಲ ಎಂದು ಶಂಕರರು ಇದನ್ನು ಓದಿದರು. ಜೀವಾತ್ಮನ ಕರ್ತೃತ್ವ ನಿಜ, ಆದರೆ ಅದು ಸ್ವತಂತ್ರವಲ್ಲ, ಪರಾಧೀನ ಎಂಬುದು ಮಧ್ವರ ದಾರಿ. ಅಂಗಳದ ರಿಪೇರಿಯವನಿಗೆ ಎರಡನೆಯ ಓದು ಹೆಚ್ಚು ನ್ಯಾಯ ಒದಗಿಸುತ್ತದೆ. ವೈರನ್ನು ಅದಲುಬದಲು ಮಾಡಿದ ಕೈ ಅವನದೇ, ಅದನ್ನು ಇನ್ನಾರ ಮೇಲೂ ಹಾಕುವಂತಿಲ್ಲ. ಆದರೆ ಕ್ಯಾಪಿನ ತೂತುಗಳು ಅಕ್ಕಪಕ್ಕವಿದ್ದದ್ದು, ಎಂಟು ವೈರುಗಳೂ ಒಂದೇ ಬಣ್ಣದವಾಗಿದ್ದದ್ದು, ಒಂದೊಂದಾಗಿ ಬದಲಿಸದೆ ಎಲ್ಲವನ್ನೂ ಒಟ್ಟಿಗೆ ಕಿತ್ತದ್ದು, ಸಂಜೆಯ ಬೆಳಕು ಕಡಿಮೆಯಾಗಿದ್ದದ್ದು ಇವೂ ಆ ಕಾರ್ಯದ ಕಾರಣಗಳೇ. ಇವನ್ನು ಎಣಿಸುವುದು ತಪ್ಪಿನಿಂದ ನುಣುಚಿಕೊಳ್ಳುವುದಲ್ಲ. ಮುಂದಿನ ಸಲ ಪ್ರತಿ ವೈರಿಗೂ ಅಂಟುಪಟ್ಟಿಯ ಮೇಲೆ ಅಂಕಿ ಬರೆದು ಸುತ್ತಿ, ಒಂದನ್ನು ಕಿತ್ತು ಒಂದನ್ನು ಹಾಕುವ ಕ್ರಮ ಹುಟ್ಟುವುದು ಈ ಎಣಿಕೆಯಿಂದಲೇ.

ಐದರ ವೈರು ಐದಕ್ಕೆ, ಏಳರದು ಏಳಕ್ಕೆ ಹೋಗಿ, ಎರಡರ ನಡುವೆ ಕ್ಲಿಪ್ ಬಿದ್ದು, ಸೀಳಿದ ಪೈಪಿನ ತುದಿ ಕತ್ತರಿಸಿ ಮತ್ತೆ ಕೂರಿಸಿದ ಮೇಲೆ ಎಂಜಿನ್ನನ್ನು ಬಿಸಿಯಾಗುವ ತನಕ ಓಡಿಸಿ ನೋಡಬೇಕು. ತಣ್ಣಗಿದ್ದಾಗ ಅಡಗಿದ್ದು ಬಿಸಿಯಲ್ಲಿ ಹೊರಬರುತ್ತದೆ. ಆಮೇಲೆ ಹೇರಿನೊಂದಿಗೆ ಒಂದು ಏರು ಹತ್ತಿಸಬೇಕು. ಗಡಿಗೆಯ ಅಭಾವದ ಅಭಾವವೆಂದರೆ ಗಡಿಗೆಯೇ, ಅದಕ್ಕಿಂತ ಬೇರೆಯದೇನೂ ಅಲ್ಲ ಎಂದು ಹಳೆಯ ನೈಯಾಯಿಕರು ಹೇಳುತ್ತಿದ್ದರು. ಬಾನೆಟ್ ಅಂಚಿನ ಮೇಲೆ ಇಟ್ಟ ಅಂಗೈಗೆ ಈಗ ನಡುಕವಿಲ್ಲ. ಸೆಕೆಂಡಿಗೆ ನಲವತ್ತು ಬೆಂಕಿ, ಒಂದೂ ಬಿಡದೆ, ತನ್ನ ತನ್ನ ಸರದಿಗೆ.